ಓದುಗರ ಪ್ರಶ್ನೆ: ಅಗ್ಗದ ಸಿಗಾರಿಗೆ ನಾಲ್ಕಾ, ಆರೂವರೆಯಾ?

ಪ್ರಶ್ನೆ: ಮೂರು ಸಂಚಿಕೆ ಹಿಂದೆ ನೀವು 20 ಕಡ್ಡಿಗಳ ಒಂದು ಅಗ್ಗದ ಸಿಗಾರ್ ಕಟ್ಟಿನ ಬಗ್ಗೆ ಬರೆದು 10ಕ್ಕೆ 4 ಅಂಕ ಕೊಟ್ಟಿರಿ. ಹೋದ ಸಂಚಿಕೆಯಲ್ಲಿ ಅದೇ ಕಟ್ಟಿಗೆ ಆರೂವರೆ ಅಂತ ಒಂದೇ ಸಾಲಿನ ತಿದ್ದುಪಡಿ ಹಾಕಿದ್ದೀರಿ. ಸಿಗಾರ್ ಬದಲಾಯಿತೋ, ನಿಮ್ಮ ನಾಲಿಗೆ ಬದಲಾಯಿತೋ? ನನಗೂ ಅಂಥದ್ದೇ ಒಂದು ಕಟ್ಟು ಉಡುಗೊರೆಯಾಗಿ ಬಂದಿದೆ. ಇಟ್ಟುಕೊಳ್ಳಲೋ, ಯಾರಿಗಾದರೂ ದಾಟಿಸಲೋ?

ಉತ್ತರ: ತಪ್ಪು ನನ್ನದು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಕಥೆ ಹೇಳುತ್ತೇನೆ.

ನಾನು ಸಿಗಾರ್ ಪಂಡಿತನಲ್ಲ. 30 ವರ್ಷ ಬೇರೆಯವರ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನು. ಕೈಗೆ ಏನು ಸಿಕ್ಕರೂ ತೂಗುವುದು, ಅಳೆಯುವುದು, ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆಯುವುದು ನನ್ನ ಮೊದಲ ಚಟ. ಸಿಗಾರ್ ಎರಡನೆಯದು.

ಆ ಕಟ್ಟು ಬಂದಾಗ ಪೆಟ್ಟಿಗೆ ಗಿಟ್ಟಿಗೆ ಏನೂ ಇರಲಿಲ್ಲ. ಒಂದೊಂದು ಕಡ್ಡಿಗೂ ಹಾಳೆ ಸುತ್ತಿ, 20ನ್ನೂ ಒಟ್ಟಿಗೆ ಸೇರಿಸಿ ಪಾರದರ್ಶಕ ಹಾಳೆಯಲ್ಲಿ ಕಟ್ಟಿದ್ದರು, ಅಷ್ಟೇ. ಅಗ್ಗವಾಗುವುದಕ್ಕೆ ಅದೂ ಒಂದು ಕಾರಣ. ಚೆಂದದ ಮರದ ಪೆಟ್ಟಿಗೆಯ ಖರ್ಚನ್ನು ಕೊನೆಗೆ ಕೊಡುವವರು ನಾವೇ ಅಲ್ವಾ? ಬ್ರ್ಯಾಂಡಿನ ಹೆಸರು ಆಗಲೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ಬೈದರೆ ಅವರಿಗೆ ಬೇಜಾರು, ಹೊಗಳಿದರೆ ಪುಕ್ಕಟೆ ಜಾಹೀರಾತು. ಚೀಟಿಯಲ್ಲಿ ಇದ್ದದ್ದು ಇಷ್ಟು: ನಿಕರಾಗುವಾದಲ್ಲಿ ಕೈಯಲ್ಲಿ ಸುತ್ತಿದ್ದು, ಹೊರ ಎಲೆ ಎಕ್ವಡಾರಿನಲ್ಲಿ ಬೆಳೆದ ಕನೆಕ್ಟಿಕಟ್ ತಳಿ, ಒಳಗೆ ಮಿಶ್ರ ಫಿಲ್ಲರ್ (ಅಂದರೆ ತುಂಬಿದ್ದು ಚೂರು ಎಲೆ, ಉದ್ದ ಎಲೆ ಎರಡೂ), ಅಳತೆ ರೊಬಸ್ಟೊ. ಅಂದರೆ 5 ಇಂಚು ಉದ್ದ, 50 ರಿಂಗ್ ಗೇಜ್ ದಪ್ಪ. ಒಂದು ರಿಂಗ್ ಗೇಜ್ ಅಂದರೆ ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಲೆಕ್ಕ ಹಾಕಿದರೆ ಈ ಕಡ್ಡಿಯ ದಪ್ಪ ಸುಮಾರು 20 ಮಿಲಿಮೀಟರ್. ನನ್ನ ಹೆಬ್ಬೆರಳಿನಷ್ಟು.

ಎಲ್ಲವನ್ನೂ ಒಂದೊಂದಾಗಿ ಡಿಜಿಟಲ್ ತಕ್ಕಡಿಯ ಮೇಲಿಟ್ಟೆ. ಪ್ರತಿಯೊಂದರ ಹಾಳೆಯ ಮೇಲೂ ಮಾರ್ಕರಿನಲ್ಲಿ ನಂಬರ್ ಬರೆದೆ. ಎಲ್ಲಕ್ಕಿಂತ ಹಗುರವಾದದ್ದು 10.1 ಗ್ರಾಂ, ಭಾರವಾದದ್ದು 13.4 ಗ್ರಾಂ. ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ ಅಚ್ಚಿನಲ್ಲಿ ಹಾಕಿ ತೆಗೆದ ಹಾಗೆ. ತಕ್ಕಡಿಯ ಮೇಲೆ ಮಾತ್ರ ಮೂರು ಗ್ರಾಂಗೂ ಜಾಸ್ತಿ ವ್ಯತ್ಯಾಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲ ಐದನ್ನು ಸೇದಿದೆ. ಐದೂ ಬಿಗಿ. ಎಳೆದರೆ ಕೆನ್ನೆ ಒಳಗೆ ಹೋಗುತ್ತಿತ್ತೇ ಹೊರತು ಹೊಗೆ ಬರುತ್ತಿರಲಿಲ್ಲ. ಒಂದೊಂದನ್ನೂ ಎರಡು ಮೂರು ಸಲ ಮತ್ತೆ ಹೊತ್ತಿಸಬೇಕಾಯಿತು. ಒಂದು ಪಕ್ಕ ಉರಿಯುತ್ತದೆ, ಇನ್ನೊಂದು ಪಕ್ಕ ಹಾಗೇ ಉಳಿಯುತ್ತದೆ, ಕೆಂಡ ದೋಣಿಯ ಆಕಾರಕ್ಕೆ ತಿರುಗುತ್ತದೆ. ಬಾಯಿಗೆ ಕಹಿ. 13.4 ಗ್ರಾಮಿನದ್ದಂತೂ ಪೂರ್ತಿ ಕಟ್ಟಿಕೊಂಡುಬಿಟ್ಟಿತ್ತು. ಸಿಟ್ಟಿಗೆ ಬ್ಲೇಡ್ ತಗೊಂಡು ಉದ್ದಕ್ಕೆ ಸೀಳಿದೆ. ಒಳಗೆ ಬೆಂಕಿಕಡ್ಡಿಯಷ್ಟು ದಪ್ಪದ ಎಲೆಯ ನರ, ಎರಡು ಇಂಚು ಉದ್ದ, ಸೊಟ್ಟಗೆ ಮಲಗಿತ್ತು. ಅದರ ಸುತ್ತ ಚೂರು ಎಲೆ ಗಟ್ಟಿಯಾಗಿ ಒತ್ತಿಕೊಂಡಿತ್ತು. ಆ ನರವನ್ನು ನೋಟ್‌ಬುಕ್ಕಿನ ಪುಟಕ್ಕೆ ಟೇಪ್ ಹಾಕಿ ಅಂಟಿಸಿದೆ, ಪಕ್ಕದಲ್ಲಿ '4' ಅಂತ ಬರೆದೆ, ಪತ್ರಿಕೆಗೂ ಅದನ್ನೇ ಕಳಿಸಿದೆ.

ಅದಾಗಿ ವಾರದೊಳಗೆ ನನ್ನ ಸಿಗಾರ್ ಡಬ್ಬಿಯ ತೇವ ಅಳೆಯುವ ಹೈಗ್ರೋಮೀಟರನ್ನು ಪರೀಕ್ಷೆ ಮಾಡಿದೆ. ನಿಜ ಹೇಳಬೇಕೆಂದರೆ ಅದನ್ನು ಮಾಡಿ ಎರಡು ವರ್ಷ ಆಗಿತ್ತು. ಡಬ್ಬಿಯೊಳಗಿನ ತೇವ 65 ಪರ್ಸೆಂಟ್ ಅಂತ ಅದು ತೋರಿಸುತ್ತಿತ್ತು, ನಾನು ನೆಮ್ಮದಿಯಾಗಿದ್ದೆ. ಉಪ್ಪಿನ ಪರೀಕ್ಷೆಯಲ್ಲಿ 75 ತೋರಿಸಬೇಕಾದ ಕಡೆ 68 ತೋರಿಸಿತು. ಅಂದರೆ 7 ಕಡಿಮೆ ಹೇಳುತ್ತಿದೆ. ಹಾಗಾದರೆ ನನ್ನ ಸಿಗಾರುಗಳು ಇಷ್ಟು ದಿನ ಇದ್ದದ್ದು 72ರಲ್ಲಿ. ಎಲೆ ನೀರು ಕುಡಿದು ಉಬ್ಬಿಕೊಂಡಿತ್ತು. ಉಬ್ಬಿದರೆ ಒಳಗೆ ಗಾಳಿ ಹೋಗುವುದಕ್ಕೆ ಜಾಗ ಎಲ್ಲಿ? ತೇವದ ಎಲೆ ಸರಿಯಾಗಿ ಉರಿಯುವುದೂ ಇಲ್ಲ. ಐದು ಕಡ್ಡಿಗಳ ದೂರಿನಲ್ಲಿ ಮುಕ್ಕಾಲು ಪಾಲು ನನ್ನ ಡಬ್ಬಿಯದೇ. ನರದ ಕಡ್ಡಿಯೊಂದು ಬಿಟ್ಟು. ಆ ನರ ಸುತ್ತಿದವರದು, ಅದನ್ನು ನಾನು ತಲೆಗೆ ಕಟ್ಟಿಕೊಳ್ಳುವುದಿಲ್ಲ.

ಉಳಿದ 15ನ್ನು ನಿಜವಾದ 65ಕ್ಕೆ ಇಳಿಸಿ ಮೂರು ವಾರ ಮುಟ್ಟದೆ ಬಿಟ್ಟೆ. ಮತ್ತೆ ತೂಗಿದಾಗ ಒಂದೊಂದೂ ಸುಮಾರು ಕಾಲು ಗ್ರಾಂ ಕಳೆದುಕೊಂಡಿತ್ತು. ಆ ಕಾಲು ಗ್ರಾಂ ನೀರೇ ನನ್ನ ಮೊದಲ ತೀರ್ಪು ಬರೆದದ್ದು.

ಆಮೇಲೆ 14 ಸೇದಿದ್ದೇನೆ, ವಾರಕ್ಕೊಂದರಂತೆ. 9 ಚೆನ್ನಾಗಿದ್ದವು. 3 ಪರವಾಗಿಲ್ಲ. 2 ಕೆಟ್ಟವು. ಆ ಎರಡು ಕೆಟ್ಟವು ಯಾವುದು ಗೊತ್ತಾ? ಮೊದಲ ದಿನ 10.1 ಮತ್ತು 10.4 ತೂಗಿದ್ದವು. ಒಳಗೆ ಎಲೆ ಸಾಲದೆ ಟೊಳ್ಳು. ಗಾಳಿ ಸಲೀಸಾಗಿ ನುಗ್ಗಿ ಕೆಂಡ ಒಳಗೊಳಗೇ ಸುರಂಗ ಕೊರೆದುಕೊಂಡು ಹೋಯಿತು. ಹೊರ ಎಲೆ ಕೊಳವೆಯ ಹಾಗೆ ಖಾಲಿ ನಿಂತಿತ್ತು. ಹೊಗೆ ಬಿಸಿ, ನಾಲಿಗೆ ಚುರುಗುಟ್ಟಿತು, 35 ನಿಮಿಷಕ್ಕೆಲ್ಲ ಮುಗಿದೇಹೋಯಿತು. ಇದೇ ಅಳತೆಯ ಒಳ್ಳೆಯ ಕಡ್ಡಿ 45 ನಿಮಿಷದಿಂದ ಒಂದು ಗಂಟೆ ನಿಲ್ಲಬೇಕು.

ಇನ್ನು ಆ ಒಂಬತ್ತರ ರುಚಿ. ಹೊತ್ತಿಸಿದ ಹೊಸದರಲ್ಲಿ ಮೂಗಿಗೆ ಕರಿಮೆಣಸಿನ ಘಾಟು, ಹಿಂದೆಯೇ ಒಣಹುಲ್ಲಿನ ವಾಸನೆ. ಒಂದು ಇಂಚು ಉರಿದ ಮೇಲೆ ಘಾಟು ಇಳಿಯುತ್ತದೆ. ಪೆನ್ಸಿಲ್ ಚೂಪು ಮಾಡಿದಾಗ ಬರುತ್ತದಲ್ಲ, ಅಂಥ ಮರದ ವಾಸನೆ. ಅದರ ಜೊತೆ ಸಕ್ಕರೆ ಹಾಕದ ಕಾಫಿಯ ಒಗರು. ಈ ನಡುವಿನ ಭಾಗ ನಿಜಕ್ಕೂ ಹಿತವಾಗಿದೆ. ಅಲ್ಲಿಂದ ಮುಂದೆ ಏನೂ ಆಗುವುದಿಲ್ಲ. ದುಬಾರಿ ಸಿಗಾರಿನಲ್ಲಿ ಕೊನೆಗೆ ಹೊಸದೇನಾದರೂ ತಲೆ ಎತ್ತುತ್ತದೆ. ಇಲ್ಲಿ ಅದೇ ರಾಗ, ಬರಬರುತ್ತಾ ಕಹಿ. ಎರಡು ಇಂಚು ಉಳಿದಾಗ ನಾನು ಬೂದಿ ಬಟ್ಟಲಿನಲ್ಲಿ ಇಟ್ಟುಬಿಡುತ್ತೇನೆ. ಕಿತ್ತು ಬಿಸಾಡುವಷ್ಟು ಕೆಟ್ಟದ್ದಲ್ಲ, ಬೆರಳು ಸುಡುವ ತನಕ ಎಳೆಯುವಷ್ಟು ಒಳ್ಳೆಯದೂ ಅಲ್ಲ. ಅದಕ್ಕೇ ಆರೂವರೆ.

ನಿಮ್ಮ ಕಟ್ಟನ್ನು ಇಟ್ಟುಕೊಳ್ಳಿ. ಆದರೆ ಮೊದಲ ಕಡ್ಡಿ ಸೇದಿ ತೀರ್ಪು ಕೊಡಬೇಡಿ. ಕೈಯಲ್ಲಿ ಹಿಡಿದು ತಲೆಯಿಂದ ಬುಡದವರೆಗೆ ಬೆರಳಿನಲ್ಲಿ ಮೆಲ್ಲಗೆ ಒತ್ತುತ್ತಾ ಹೋಗಿ. ಮೆತ್ತಗೆ ಕುಸಿಯುವ ಜಾಗ ಸಿಕ್ಕಿದರೆ ಅಲ್ಲಿ ಟೊಳ್ಳು. ಕಲ್ಲಿನ ಹಾಗೆ ಸಿಕ್ಕಿದರೆ ಅಲ್ಲಿ ಗಂಟು. ತಕ್ಕಡಿ ಇದ್ದರೆ ತೂಗಿ. ತೀರಾ ಹಗುರ, ತೀರಾ ಭಾರ ಎರಡನ್ನೂ ಪಕ್ಕಕ್ಕಿಟ್ಟು ನಡುವಿನ ತೂಕದವುಗಳಿಂದ ಶುರು ಮಾಡಿ. ಹೋಗಲಿ, ಕನಿಷ್ಠ ನಾಲ್ಕೈದು ಕಡ್ಡಿಯಾದರೂ ಆದ ಮೇಲೆ ಮಾತಾಡಿ. ದುಬಾರಿ ಸಿಗಾರಿನಲ್ಲಿ ಒಂದು ಸೇದಿದರೆ ಉಳಿದವು ಹೇಗಿರುತ್ತವೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಅಗ್ಗದ ಕಟ್ಟಿನಲ್ಲಿ ಒಂದು ಸೇದಿದರೆ ಆ ಒಂದರ ವಿಷಯ ಮಾತ್ರ ಗೊತ್ತಾಗುತ್ತದೆ.

ಪ್ರಶ್ನೆ: ಉಪ್ಪಿನ ಪರೀಕ್ಷೆ ಅಂತ ಆಗಾಗ ಹೇಳುತ್ತೀರಿ. ಅದನ್ನು ಮಾಡುವುದು ಹೇಗೆ?

ಉತ್ತರ: ಬಾಟಲಿಯ ಮುಚ್ಚಳದ ತುಂಬ ಅಡುಗೆ ಉಪ್ಪು ಹಾಕಿ. ಕೆಲವು ಹನಿ ನೀರು ಬಿಟ್ಟು ಒದ್ದೆ ಮರಳಿನ ಹಾಗೆ ಮಾಡಿಕೊಳ್ಳಿ. ಕರಗಿ ನೀರಾಗಬಾರದು, ಉಪ್ಪು ಕಾಣುತ್ತಿರಬೇಕು. ಆ ಮುಚ್ಚಳ ಮತ್ತು ಹೈಗ್ರೋಮೀಟರ್ ಎರಡನ್ನೂ ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಮಾಮೂಲಿ ಕೋಣೆಯ ಬಿಸಿಯಲ್ಲಿ ಒದ್ದೆ ಉಪ್ಪಿನ ಮೇಲಿನ ಗಾಳಿ 75 ಪರ್ಸೆಂಟ್ ತೇವದಲ್ಲೇ ನಿಲ್ಲುತ್ತದೆ. ಉಪ್ಪು ಎಷ್ಟು ಹಾಕಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಚೀಲ ಬಿಚ್ಚುವ ಮೊದಲೇ ಓದಿಕೊಳ್ಳಿ, ಬಿಚ್ಚಿದರೆ ಮುಳ್ಳು ಓಡುತ್ತದೆ. 75ಕ್ಕಿಂತ ಎಷ್ಟು ಆಚೀಚೆ ಇದೆಯೋ ಅಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅದರ ಬೆನ್ನಿಗೇ ಅಂಟಿಸಿ. ನನ್ನದರ ಬೆನ್ನಿನ ಮೇಲೆ ಈಗ '+7' ಇದೆ. ದಿನಾ ನೋಡಿದಾಗ ಸ್ವಲ್ಪ ನಾಚಿಕೆಯಾಗುತ್ತದೆ.

ಪ್ರಶ್ನೆ: ಅಗ್ಗದ ಸಿಗಾರಿನಲ್ಲಿ ಕಂಪನಿಯವರು ಯಾವುದರಲ್ಲಿ ಹಣ ಉಳಿಸುತ್ತಾರೆ? ಒಳಗೆ ಕಸ ತುಂಬುತ್ತಾರೆ ಅಂತ ನನ್ನ ಗೆಳೆಯ ಹೇಳುತ್ತಾನೆ.

ಉತ್ತರ: ಕಸ ಅನ್ನುವುದು ಜಾಸ್ತಿಯಾಯಿತು. ಚೂರು ಅನ್ನಿ.

ಸಿಗಾರಿನಲ್ಲಿ ಮೂರು ಪದರ. ನಡುವೆ ಫಿಲ್ಲರ್, ಅದನ್ನು ಹಿಡಿದುಕೊಳ್ಳಲು ಬೈಂಡರ್ ಅನ್ನುವ ಗಟ್ಟಿ ಎಲೆ, ಮೇಲೆ ಚೆಂದ ಕಾಣುವ ರ್‍ಯಾಪರ್ ಎಲೆ. ದುಬಾರಿ ಸಿಗಾರಿನಲ್ಲಿ ಫಿಲ್ಲರ್ ಎಲೆಗಳು ಈ ತುದಿಯಿಂದ ಆ ತುದಿಯವರೆಗೆ ಉದ್ದಕ್ಕೆ ಇರುತ್ತವೆ. ಅಂಥ ಎಲೆಗಳನ್ನು ಕತ್ತರಿಸಿ ಸುತ್ತುವಾಗ ಚೂರುಪಾರು ಉಳಿಯುತ್ತದೆ. ಎಲೆ ಒಳ್ಳೆಯದೇ, ಉದ್ದ ಇಲ್ಲ ಅಷ್ಟೇ. ಅದನ್ನೇ ಕೂಡಿಸಿ ಅಗ್ಗದ ಸಿಗಾರಿಗೆ ಹಾಕುತ್ತಾರೆ. ನನ್ನ ಕಟ್ಟಿನಲ್ಲಿ ಇದ್ದದ್ದು ಎರಡರ ನಡುವಿನ ತರಹ: ಒಳಗೆ ಚೂರು, ಅದರ ಸುತ್ತ ಒಂದೆರಡು ಉದ್ದ ಎಲೆ. ಇದಕ್ಕೆ ಕ್ಯೂಬನ್ ಸ್ಯಾಂಡ್‌ವಿಚ್ ಅಂತ ಅಡ್ಡಹೆಸರು. ಇನ್ನೂ ಅಗ್ಗದ, ಯಂತ್ರದಲ್ಲಿ ಸುತ್ತಿದವುಗಳಲ್ಲಿ ಎಷ್ಟೋ ಸಲ ಬೈಂಡರ್ ಎಲೆಯೇ ಅಲ್ಲ. ತಂಬಾಕನ್ನು ಪುಡಿ ಮಾಡಿ, ಅಂಟು ಸೇರಿಸಿ, ಕಾಗದದ ಹಾಗೆ ಹಾಳೆ ಮಾಡಿರುತ್ತಾರೆ.

ರ್‍ಯಾಪರ್ ವಿಷಯ ಬೇರೆ. ಎಲೆಗಳಲ್ಲಿ ದುಬಾರಿ ಅದೇ. ತೂತು, ಕಲೆ, ಉಬ್ಬಿದ ನರ ಇರಬಾರದು, ಬಣ್ಣ ಒಂದೇ ಇರಬೇಕು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ತೆಳುವಾದ ತಿಳಿ ಬಣ್ಣದ ಎಲೆ ಬರಲಿ ಅಂತ ಹೊಲದ ಮೇಲೆಲ್ಲ ಬಟ್ಟೆಯ ಚಪ್ಪರ ಹಾಕಿ ಬೆಳೆಯುತ್ತಾ ಬಂದರು. ಅದೇ ತಳಿಯ ಬೀಜವನ್ನು ಎಕ್ವಡಾರಿಗೆ ತಗೊಂಡುಹೋದರೆ ಅಲ್ಲಿ ಮೋಡವೇ ಚಪ್ಪರ. ಬಟ್ಟೆಯ ಖರ್ಚು ಉಳಿಯಿತು. ಅದಕ್ಕೇ ಅಗ್ಗದ ಸಿಗಾರಿನ ಮೇಲೂ ಕನೆಕ್ಟಿಕಟ್ ಅನ್ನುವ ದೊಡ್ಡ ಹೆಸರು ಕಾಣುತ್ತದೆ. ಮೋಸವೇನಲ್ಲ. ಎಕ್ವಡಾರ್ ಅನ್ನುವ ಪದವನ್ನೂ ಓದಿಕೊಳ್ಳಿ ಅಷ್ಟೇ. ನನ್ನ ಕಟ್ಟಿನಲ್ಲಿ 20ರಲ್ಲಿ ಮೂರು ಬಣ್ಣದ ಛಾಯೆ ಇತ್ತು. ನಂಬರ್ 11ರ ಮೇಲೆ ಕಾಸಿನಗಲದ ಹಸಿರು ಮಚ್ಚೆ. ದುಬಾರಿ ಪೆಟ್ಟಿಗೆಯಲ್ಲಿ ಆದರೆ ಅದನ್ನು ಆರಿಸಿ ತೆಗೆದುಬಿಡುತ್ತಿದ್ದರು. ಸೇದಿದಾಗ ಆ ಹನ್ನೊಂದೇ ಎಲ್ಲಕ್ಕಿಂತ ಚೆನ್ನಾಗಿತ್ತು ಅನ್ನಿ.

ಇನ್ನೊಂದು ಕಡೆ ಉಳಿತಾಯ ಆಗುವುದು ಸಮಯದಲ್ಲಿ. ಕಿತ್ತು ಒಣಗಿಸಿದ ಎಲೆಗೆ ತೇವ ಕೊಟ್ಟು ದೊಡ್ಡ ರಾಶಿ ಹಾಕುತ್ತಾರೆ. ರಾಶಿ ತಾನೇ ಒಳಗಿನಿಂದ ಬಿಸಿಯೇರುತ್ತದೆ. ಬಿಸಿ ಮಿತಿ ಮೀರುವ ಮೊದಲು ಒಡೆದು, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಕಟ್ಟುತ್ತಾರೆ. ತಿಂಗಳುಗಟ್ಟಲೆ ಇದೇ ಕೆಲಸ. ಎಲೆಯೊಳಗಿನ ಅಮೋನಿಯಾ ಹೊರಟುಹೋಗುವುದು ಹೀಗೆ. ಅದಾದ ಮೇಲೂ ಒಳ್ಳೆಯ ಎಲೆಯನ್ನು ವರ್ಷಗಟ್ಟಲೆ ಸುಮ್ನೆ ಇಡುತ್ತಾರೆ. ಇದರಲ್ಲಿ ಅವಸರ ಮಾಡಿದರೆ ನಿಮಗೆ ಗೊತ್ತಾಗಿಯೇ ಆಗುತ್ತದೆ. ಹಾಳೆ ಬಿಚ್ಚಿದ ತಕ್ಷಣ ಮೂಗಿಗೆ ಮೂತ್ರದ ಹಾಗೆ ಚುಚ್ಚುವ ವಾಸನೆ ಬಂದರೆ ಆ ಕಟ್ಟನ್ನು ಕೆಲವು ತಿಂಗಳು ಮರೆತುಬಿಡಿ. ನನ್ನದರಲ್ಲಿ ಆ ವಾಸನೆ ತುಸು ಇತ್ತು, ಮೂರು ವಾರದಲ್ಲಿ ಅರ್ಧಕ್ಕೆ ಇಳಿಯಿತು.

ಪ್ರಶ್ನೆ: ಸುತ್ತಿ ಬಳಸಿ ಏನು ಸರ್, ಕಣ್ಣು ಕಟ್ಟಿ ಕೊಟ್ಟರೆ ಅಗ್ಗದ್ದು ಯಾವುದು, ದುಬಾರಿ ಯಾವುದು ಅಂತ ನಿಮಗೆ ಗೊತ್ತಾಗುತ್ತದಾ?

ಉತ್ತರ: ಈ ಪ್ರಶ್ನೆಯನ್ನು ನನ್ನ ಹೆಂಡತಿಯ ತಮ್ಮ ಮೊದಲೇ ಕೇಳಿದ್ದಾನೆ. ಬಾಯಲ್ಲಿ ಉತ್ತರ ಹೇಳಲು ಹೋದರೆ ಅವನು ಬಿಡಬೇಕಲ್ಲ. "ಭಾವ, ಪರೀಕ್ಷೆ ಮಾಡೋಣ" ಅಂದ.

ಆರು ಸಂಜೆ. ದಿನಕ್ಕೊಂದು ರೊಬಸ್ಟೊ. ಬ್ರ್ಯಾಂಡಿನ ಪಟ್ಟಿ ಕಿತ್ತು, ಬಾಯಿಗಿಡುವ ತುದಿ ಕತ್ತರಿಸಿ, ಅವನೇ ತಂದುಕೊಡುತ್ತಿದ್ದ. ಎರಡರದ್ದೂ ಹೊರ ಎಲೆ ತಿಳಿ ಬಣ್ಣದ್ದೇ, ಅಳತೆಯೂ ಒಂದೇ. ಎಷ್ಟು ದಿನ ಅಗ್ಗದ್ದು, ಎಷ್ಟು ದಿನ ದುಬಾರಿ ಅಂತ ಹೇಳಿರಲಿಲ್ಲ. ನಾನು ಸೇದಿ, ಉತ್ತರವನ್ನು ಚೀಟಿಯಲ್ಲಿ ಬರೆದು ಮಡಚಿ ಡಬ್ಬಿಗೆ ಹಾಕಬೇಕು. ಆರನೇ ದಿನ ಡಬ್ಬಿ ತೆರೆದೆವು. ನಾಲ್ಕು ಸರಿ, ಎರಡು ತಪ್ಪು. ಒಂದು ದುಬಾರಿಯನ್ನು ಅಗ್ಗ ಅಂದಿದ್ದೆ, ಒಂದು ಅಗ್ಗದ್ದನ್ನು ದುಬಾರಿ ಅಂದಿದ್ದೆ. ನಾಣ್ಯ ಚಿಮ್ಮಿ ಬರೆದಿದ್ದರೂ ಮೂರು ಸರಿ ಬರುತ್ತಿತ್ತು. ನನ್ನ ಇಷ್ಟು ವರ್ಷದ ಅನುಭವದ ಬೆಲೆ ಒಂದು ಚೀಟಿ. ಅವನು ನಕ್ಕು ನಕ್ಕು ಕೆಮ್ಮಿದ.

ಆದರೆ ಚೀಟಿಯ ಹಿಂದೆ ನಾನು ಕಾರಣವನ್ನೂ ಬರೆದಿದ್ದೆ. ಅದನ್ನು ಓದಿದಾಗ ನನಗೇ ಆಶ್ಚರ್ಯ. ಸರಿಯಾದ ನಾಲ್ಕರಲ್ಲಿ ರುಚಿ ನೋಡಿ ಹೇಳಿದ್ದು ಒಂದೂ ಇಲ್ಲ. 'ಕೆಂಡ ಸಮ', 'ಬೂದಿ ಪದರ ಪದರ, ಮೊದಲ ಇಂಚಿಗೇ ಬಿತ್ತು', 'ಎರಡನೇ ಸಲ ಹೊತ್ತಿಸಿದೆ', ಹೀಗೆ. ರುಚಿಯ ಮೇಲೆ ಹೋದ ಎರಡು ಚೀಟಿಗಳೂ ತಪ್ಪು. ಅಗ್ಗದ್ದು ಅಂತ ನನಗೆ ಹೇಳಿಕೊಟ್ಟದ್ದು ಕಣ್ಣು, ನಾಲಿಗೆಯಲ್ಲ. ಹಾಗಾಗಿ ಆರೂವರೆಯಲ್ಲಿ ಕಳೆದ ಮೂರೂವರೆ ಅಂಕದಲ್ಲಿ ಜಾಸ್ತಿ ಪಾಲು ಉರಿಯುವ ರೀತಿಗೆ ಹೋಯಿತು. ರುಚಿಗೆ ಕಳೆದದ್ದು ಒಂದೇ ಅಂಕ, ಕೊನೆಯ ಕಹಿಗೆ.

ಪ್ರಶ್ನೆ: ಬೂದಿ ಉದ್ದಕ್ಕೆ ನಿಂತರೆ ಒಳ್ಳೆಯ ಸಿಗಾರ್ ಅಂತಾರೆ. ನಿಜವೇ?

ಉತ್ತರ: ಒಳಗೆ ಉದ್ದ ಎಲೆ ಇದೆ, ಸುತ್ತಿದವರ ಕೈ ಚೆನ್ನಾಗಿದೆ ಅಂತ ಗೊತ್ತಾಗುತ್ತದೆ. ರುಚಿಗೂ ಅದಕ್ಕೂ ಸಂಬಂಧ ಇಲ್ಲ. ಚೂರು ಎಲೆಯ ಬೂದಿ ಬೇಗ ಉದುರುತ್ತದೆ. ಮುಖ್ಯವಾಗಿ ಅಂಗಿಯ ಮೇಲೆ.

ಪ್ರಶ್ನೆ: ಹೊರ ಎಲೆ ಕಪ್ಪಗಿದ್ದಷ್ಟೂ ಕಿಕ್ ಜಾಸ್ತಿ ಅಲ್ವಾ? ತಿಳಿ ಬಣ್ಣದ ಅಗ್ಗದ್ದು ತಗೊಂಡರೆ ತಲೆ ತಿರುಗುವುದಿಲ್ಲ ಅಂತ ಧೈರ್ಯ ಮಾಡಬಹುದಾ?

ಉತ್ತರ: ಹಾಗೆ ಧೈರ್ಯ ಮಾಡಿ ಒಂದು ಸಂಜೆ ಗೋಡೆ ಹಿಡಿದು ಕೂತವನು ನಾನು. ಕಪ್ಪು ಬಣ್ಣ ಬರುವುದು ಜಾಸ್ತಿ ಬಿಸಿಯಲ್ಲಿ ಜಾಸ್ತಿ ದಿನ ಹುದುಗಿಸಿದ್ದರಿಂದ. ಮಡುರೊ ಅನ್ನುವ ಇಂಥ ಕಪ್ಪು ಎಲೆಯ ಎಷ್ಟೋ ಸಿಗಾರುಗಳು ಮೆತ್ತಗೆ, ಸ್ವಲ್ಪ ಸಿಹಿಯಾಗಿಯೇ ಇರುತ್ತವೆ. ಕಿಕ್ ಇರುವುದು ಒಳಗೆ. ಗಿಡದ ಮೇಲ್ತುದಿಯ ಎಲೆಗೆ ಲಿಹೇರೊ ಅಂತಾರೆ. ಬಿಸಿಲು ಚೆನ್ನಾಗಿ ತಿಂದು ದಪ್ಪಗಾದ ಎಲೆ, ನಿಕೋಟಿನ್ ಜಾಸ್ತಿ, ನಿಧಾನಕ್ಕೆ ಉರಿಯುತ್ತದೆ. ಅದಕ್ಕೇ ಅದನ್ನು ನಟ್ಟನಡುವೆ ಇಟ್ಟು ಸುತ್ತುತ್ತಾರೆ. ಹೊರಗಿನಿಂದ ಕಾಣುವುದಿಲ್ಲ. ಏನೇ ಆಗಲಿ ಖಾಲಿ ಹೊಟ್ಟೆಯಲ್ಲಿ ಬೇಡ, ನಿಮಿಷಕ್ಕೊಂದು ದಮ್ಮಿಗಿಂತ ಜಾಸ್ತಿಯೂ ಬೇಡ. ಅವಸರಕ್ಕೆ ಎಳೆದರೆ ಕೆಂಡ ಕಾದು ಹೊಗೆ ಕಹಿಯಾಗುತ್ತದೆ, ಅದಕ್ಕೂ ಸಿಗಾರನ್ನೇ ಬೈಯುತ್ತೇವೆ.

ಪ್ರಶ್ನೆ: ಕ್ಯೂಬಾದ್ದು ಬಿಟ್ಟು ಉಳಿದದ್ದೆಲ್ಲ ಎರಡನೇ ದರ್ಜೆ ಅಂತ ಕೇಳಿದ್ದೇನೆ. ನಿಮ್ಮ ಕಟ್ಟು ನಿಕರಾಗುವಾದ್ದು. ಅದಕ್ಕೇ ಅಗ್ಗವೋ?

ಉತ್ತರ: ಇಲ್ಲ. ನಿಕರಾಗುವಾದಿಂದ ತುಂಬಾ ದುಬಾರಿ ಸಿಗಾರುಗಳೂ ಬರುತ್ತವೆ. 1960ರಲ್ಲಿ ಕ್ಯೂಬಾದ ಹೊಸ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ತನ್ನ ಕೈಗೆ ತಗೊಂಡಿತು. 1962ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿ ಕ್ಯೂಬಾದ ಜೊತೆ ವ್ಯಾಪಾರಕ್ಕೆ ಪೂರ್ತಿ ನಿರ್ಬಂಧ ಹಾಕಿದರು. ಅಲ್ಲಿಂದ ಹೊರಟ ತಂಬಾಕಿನ ಮನೆತನಗಳು ಬೀಜವನ್ನೂ ಕೈಚಳಕವನ್ನೂ ಜೊತೆಗೇ ಒಯ್ದರು. ಡೊಮಿನಿಕನ್ ರಿಪಬ್ಲಿಕ್, ಹೊಂಡುರಾಸ್, ನಿಕರಾಗುವಾ ಕಡೆ ಹೊಸದಾಗಿ ಶುರು ಮಾಡಿದರು. ನಿಕರಾಗುವಾದ ಎಸ್ತೆಲಿ ಪಟ್ಟಣ ಇವತ್ತು ಸಿಗಾರಿನಿಂದಲೇ ಹೆಸರಾಗಿದೆ. ಒಂದೇ ಊರಿನಲ್ಲಿ ದುಬಾರಿ ಸಿಗಾರ್ ಸುತ್ತುವವರೂ ಇದ್ದಾರೆ, ಅದರ ಚೂರಿನಿಂದ ಅಗ್ಗದ ಕಟ್ಟು ಮಾಡುವವರೂ ಇದ್ದಾರೆ. ಅಂದಹಾಗೆ, ಕ್ಯೂಬಾದ ದುಬಾರಿ ಪೆಟ್ಟಿಗೆಯಲ್ಲೂ ಕಟ್ಟಿಕೊಂಡ ಕಡ್ಡಿ ನನಗೆ ಸಿಕ್ಕಿದೆ. ಅದು ಜಾಸ್ತಿ ಹೊಟ್ಟೆ ಉರಿಸುತ್ತದೆ.

ಪ್ರಶ್ನೆ: ಅರ್ಧಕ್ಕೆ ಆರಿಹೋದರೆ ಮತ್ತೆ ಹೊತ್ತಿಸಬಹುದೇ?

ಉತ್ತರ: ಧಾರಾಳವಾಗಿ. ಅರ್ಧ ಗಂಟೆ, ಒಂದು ಗಂಟೆಯೊಳಗೆ ಆದರೆ ಒಳ್ಳೆಯದು. ಮೊದಲು ಬೂದಿ ಉದುರಿಸಿ. ಆಮೇಲೆ ಎಳೆಯಬೇಡಿ, ಬಾಯಿಂದ ಮೆಲ್ಲಗೆ ಊದಿ. ಒಳಗೆ ನಿಂತ ಹಳಸಲು ಹೊಗೆ ಹೊರಗೆ ಹೋಗಲಿ. ಈ ಊದುವ ಕೆಲಸ ಯಾರೂ ಮಾಡುವುದಿಲ್ಲ, ಆಮೇಲೆ ಕಹಿ ಅಂತ ಗೊಣಗುತ್ತಾರೆ. ಮಾರನೇ ದಿನಕ್ಕೆ ಇಟ್ಟದ್ದನ್ನು ಮಾತ್ರ ಹೊತ್ತಿಸಬೇಡಿ. ಒದ್ದೆ ಬೂದಿ ನೆಕ್ಕಿದ ಹಾಗಿರುತ್ತದೆ.

ಪ್ರಶ್ನೆ: ನನ್ನ ಕಟ್ಟಿನಲ್ಲಿ ಎರಡು ಕಡ್ಡಿಗಳ ಮೇಲೆ ಸೂಜಿ ಚುಚ್ಚಿದಂಥ ತೂತು, ಕೆಳಗೆ ಕಂದು ಪುಡಿ. ಇನ್ನೊಂದರ ಮೇಲೆ ಬಿಳಿ ಧೂಳು. ಬಿಳಿ ಧೂಳು ಒಳ್ಳೆಯ ಲಕ್ಷಣ ಅಂತ ಯಾರೋ ಹೇಳಿದರು.

ಉತ್ತರ: ತೂತು ಮಾಡಿದ್ದು ತಂಬಾಕಿನ ದುಂಬಿ. ಎರಡು ಮೂರು ಮಿಲಿಮೀಟರಿನ ಕಂದು ಹುಳು, ಅದರ ಮರಿ ಎಲೆ ತಿಂದುಕೊಂಡೇ ಬೆಳೆಯುತ್ತದೆ. ಮೊಟ್ಟೆ ಎಲೆಯ ಜೊತೆಯಲ್ಲೇ ಬಂದಿರುತ್ತದೆ, ಜಾಗ ಬೆಚ್ಚಗಾದರೆ ಒಡೆಯುತ್ತದೆ. ತೂತು ಬಿದ್ದ ಎರಡನ್ನು ಈಗಲೇ ಬಿಸಾಡಿ. ಉಳಿದವನ್ನು ಜಿಪ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ನಾಲ್ಕೈದು ದಿನ ಇಡಿ. ಅಲ್ಲಿಂದ ನೇರ ಹೊರಗೆ ತರಬೇಡಿ, ಎಲೆ ಸೀಳುತ್ತದೆ. ಒಂದು ದಿನ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಇಟ್ಟು ಆಮೇಲೆ ಹೊರಗೆ ತೆಗೆಯಿರಿ. ಮುಂದೆ 20 ಡಿಗ್ರಿ ಆಸುಪಾಸಿನಲ್ಲಿ ಇಟ್ಟುಕೊಂಡರೆ ದುಂಬಿಯ ಕಾಟ ತುಂಬಾ ಕಡಿಮೆ.

ಬಿಳಿ ಧೂಳಿನ ಬಗ್ಗೆ ಯಾರೋ ಹೇಳಿದ್ದನ್ನು ನಂಬಬೇಡಿ. ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಹತ್ತಿಯ ಎಳೆಯಂತೆ ಕೂದಲು ಕಂಡರೆ, ಹಸಿರು ನೀಲಿ ಛಾಯೆ ಇದ್ದರೆ, ಅದು ಬೂಷ್ಟು. ಹಿಂದೊಮ್ಮೆ ಒದ್ದೆ ಸ್ಪಂಜು ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾನೂ ಒಂದು ಡಜನ್ ಸಿಗಾರಿಗೆ ಬೂಷ್ಟು ಬೆಳೆಸಿ, 'ಪಕ್ವವಾಗಿದೆ' ಅಂತ ನೆಂಟರಿಗೆ ತೋರಿಸಿದ್ದೆ.

ಪ್ರಶ್ನೆ: ಸಿಗಾರಿನ ಹೊಗೆ ಒಳಗೆ ತಗೊಳ್ಳುವುದಿಲ್ಲ, ಹಾಗಾಗಿ ಸಿಗರೇಟಿನಷ್ಟು ಹಾನಿ ಇಲ್ಲ. ಈ ಮಾತನ್ನು ನೀವು ಒಪ್ಪುತ್ತೀರಾ? ನಾನು ಇಲ್ಲಿಯವರೆಗೆ ಏನೂ ಸೇದಿದವನಲ್ಲ, ಅಗ್ಗದ್ದರಿಂದ ಶುರು ಮಾಡೋಣ ಅಂತಿದ್ದೇನೆ.

ಉತ್ತರ: ಒಪ್ಪುವುದಿಲ್ಲ. ಶುರು ಮಾಡಬೇಡಿ.

ಇಲ್ಲೂ ತಕ್ಕಡಿಯನ್ನೇ ಮುಂದಿಡುತ್ತೇನೆ. ಒಂದು ಸಿಗರೇಟಿನಲ್ಲಿ ಒಂದು ಗ್ರಾಮಿಗಿಂತ ಕಡಿಮೆ ತಂಬಾಕು. ದೊಡ್ಡ ಸಿಗಾರಿನಲ್ಲಿ 5ರಿಂದ 20 ಗ್ರಾಂ. ನನ್ನ ಕಟ್ಟಿನ ಮಾಮೂಲಿ ಕಡ್ಡಿ 12 ಗ್ರಾಂ. ಸಿಗಾರಿನ ಹೊಗೆ ಕ್ಷಾರ ಗುಣದ್ದು, ಅದರ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಪುಪ್ಪುಸಕ್ಕೆ ಎಳೆಯಲೇಬೇಕು ಅಂತಿಲ್ಲ. ಗೋಡೆ ಹಿಡಿದು ಕೂತ ದಿನ ನಾನೂ ಒಂದು ದಂ ಕೂಡ ಒಳಗೆ ಎಳೆದಿರಲಿಲ್ಲ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ. ಮನಶ್ಶಾಸ್ತ್ರದ ಸಿಗ್ಮಂಡ್ ಫ್ರಾಯ್ಡ್ ಸಿಗಾರ್ ಬಿಡದ ಮನುಷ್ಯ. 1923ರಲ್ಲಿ ಬಾಯಲ್ಲಿ ಕ್ಯಾನ್ಸರ್ ಕಾಣಿಸಿತು. 1939ರಲ್ಲಿ ಸಾಯುವ ಹೊತ್ತಿಗೆ 30ಕ್ಕೂ ಜಾಸ್ತಿ ಆಪರೇಷನ್ ಆಗಿದ್ದವು. ಅವರು ಸೇದುತ್ತಿದ್ದದ್ದು ಅಗ್ಗದ್ದೋ ದುಬಾರಿಯೋ ಅನ್ನುವುದರಿಂದ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ.

ಇಷ್ಟು ಗೊತ್ತಿದ್ದೂ ನೀವೇಕೆ ಸೇದುತ್ತೀರಿ ಅಂತ ಕೇಳುತ್ತೀರಿ. ಚಟ ಅಂತ ಮೊದಲೇ ಹೇಳಿದೆನಲ್ಲ.

ಪ್ರಶ್ನೆ: 20ರಲ್ಲಿ 5 ಮತ್ತು 14, ಒಟ್ಟು 19 ಆಯಿತು. ಇನ್ನೊಂದು ಎಲ್ಲಿ?

ಉತ್ತರ: ಈ ಪತ್ರ ಮೊದಲ ಪ್ರಶ್ನೆ ಕೇಳಿದವರದೇ. ಉತ್ತರದ ಕರಡು ಕಳಿಸಿದ್ದೆ, ಕೂಡಿ ನೋಡಿ ಮರು ಟಪಾಲಿಗೇ ಬರೆದಿದ್ದಾರೆ. ನಮ್ಮ ಕಚೇರಿಯಲ್ಲಿ ಇರಬೇಕಿತ್ತು ಇವರು.

ನಂಬರ್ 17 ಇನ್ನೂ ಡಬ್ಬಿಯಲ್ಲಿದೆ. ಬಂದ ದಿನ 12.2 ಗ್ರಾಂ, ಈಗ 11.9. ಒತ್ತಿ ನೋಡಿದೆ, ಎಲ್ಲೂ ಮೆತ್ತಗಿಲ್ಲ, ಗಂಟೂ ಇಲ್ಲ. ಒಂದು ವರ್ಷ ಇಟ್ಟರೆ ಆ ಕೊನೆಯ ಕಹಿ ಇಳಿಯುತ್ತದಾ ಅಂತ ನೋಡಬೇಕು. ಹೆಂಡತಿಯ ತಮ್ಮ ಆಗಲೇ ಎರಡು ಸಲ ಡಬ್ಬಿಯ ಮುಚ್ಚಳ ತೆಗೆದು ನೋಡಿ ಹೋಗಿದ್ದಾನೆ. ಹಾಳೆಯ ಮೇಲೆ ನಂಬರಿನ ಕೆಳಗೆ ಅವನ ಹೆಸರು ಹಾಕಿ 'ಮುಟ್ಟಬೇಡ' ಅಂತ ಬರೆದಿಟ್ಟಿದ್ದೇನೆ.